ಕರವಂಚನೆಯೂ ಕೂಟಸಾಕ್ಷ್ಯವೂ



ಕೊಲೆಯ ಮೊಕದ್ದಮೆಯಲ್ಲಿ ಹೆಣವೊಂದಿರುತ್ತದೆ. ಕಳವಿನ ಮೊಕದ್ದಮೆಯಲ್ಲಿ ಕಾಣೆಯಾದ ಒಡವೆಯಿರುತ್ತದೆ. ಹೊಲದ ಬದುವಿನ ವ್ಯಾಜ್ಯದಲ್ಲಿ ಬದುವೇ ಕಣ್ಣೆದುರು ಬಿದ್ದಿರುತ್ತದೆ. ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆಯನ್ನು ಮರೆಸಿದ ಮೊಕದ್ದಮೆಯಲ್ಲಿ ಮಾತ್ರ ಇಂಥ ಮೂರ್ತವಸ್ತು ಯಾವುದೂ ಇರುವುದಿಲ್ಲ. ಅಲ್ಲಿ ನಡೆಯದ ಮಾರಾಟವು ನಡೆದಂತೆಯೂ, ನಡೆದ ಮಾರಾಟವು ನಡೆಯದಂತೆಯೂ, ತನ್ನ ಹಣವು ಪರರ ಸಾಲದಂತೆಯೂ ತೋರಬೇಕು; ಹಾಗೆ ತೋರಬೇಕಾದರೆ ಕಾಗದವೊಂದೇ ಸಾಲದು, ಆ ಕಾಗದದ ಬೆನ್ನಿಗೆ ನಿಂತು 'ಹೌದು, ಇದು ನಿಜ' ಎನ್ನುವ ಮನುಷ್ಯನೊಬ್ಬನು ಬೇಕು. ಉಳಿದ ಅಪರಾಧಗಳಲ್ಲಿ ಸುಳ್ಳುಸಾಕ್ಷಿಯು ಕೃತ್ಯ ಮುಗಿದ ಮೇಲೆ ಅದನ್ನು ಮುಚ್ಚಲು ಬರುವವನು. ಕರವಂಚನೆಯಲ್ಲಾದರೋ ಅವನು ಕೃತ್ಯದ ಅಂಗವೇ ಆಗಿರುತ್ತಾನೆ. ಆದಕಾರಣ ಇವೆರಡನ್ನೂ ಬೇರೆಬೇರೆಯಾಗಿಟ್ಟು ವಿಚಾರಿಸುವ ನಮ್ಮ ರೂಢಿಯನ್ನು ಬಿಟ್ಟು ಒಟ್ಟಿಗೆ ವಿಚಾರಿಸಬೇಕೆಂಬುದು ಇಂದಿನ ಉಪನ್ಯಾಸದ ಉದ್ದೇಶ.

ಈ ಸಾಕ್ಷಿಗಳು ಯಾರು? ಕಟಕಟೆಯಲ್ಲಿ ನಿರ್ಲಜ್ಜೆಯಿಂದ ಸುಳ್ಳಾಡುವ ವೃತ್ತಿಸಾಕ್ಷಿಯ ಚಿತ್ರವನ್ನು ನಾಟಕಗಳು ನಮ್ಮ ಮನಸ್ಸಿನಲ್ಲಿ ನೆಲೆಗೊಳಿಸಿವೆ. ತೆರಿಗೆಯ ಪ್ರಕರಣಗಳ ಕಡತಗಳನ್ನು ಬಿಡಿಸಿ ನೋಡಿದರೆ ಅಂಥವನು ಅಪರೂಪ. ಅಲ್ಲಿ ಕಾಣಸಿಗತಕ್ಕವರು ಧಣಿಯು ಬರೆಯೆಂದಂತೆ ಎರಡು ಲೆಕ್ಕದ ಪುಸ್ತಕಗಳನ್ನು ಬರೆದ ಗುಮಾಸ್ತ, ಸರಕಿಲ್ಲದ ಲಾರಿಯಲ್ಲಿ ಸರಕು ಸಾಗಿಸಿದೆನೆಂದ ಚಾಲಕ, ಕೊಡದ ಸಾಲವನ್ನು ಕೊಟ್ಟೆನೆಂದು ಚೀಟಿ ಬರೆದುಕೊಟ್ಟ ಷಡ್ಡಕ, ಇವರೇ. ಸರಕು ಮತ್ತು ಸೇವಾ ತೆರಿಗೆ 2017ರಲ್ಲಿ ಜಾರಿಗೆ ಬಂದಂದಿನಿಂದ ಈ ಸಾಲಿಗೆ ಇನ್ನೊಬ್ಬನು ಸೇರಿಕೊಂಡಿದ್ದಾನೆ. ಗುಜರಿ ಕಬ್ಬಿಣದ ವ್ಯಾಪಾರದಂಥ ವ್ಯವಹಾರದಲ್ಲಿ ಮಾಲು ಅಲುಗದೆ ಬಿಲ್ಲು ಮಾತ್ರ ಕೈಯಿಂದ ಕೈಗೆ ಸಾಗುತ್ತದೆ; ಆ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆಯ ಜಮೆಯನ್ನು ಪಡೆಯುವವನು ಒಬ್ಬ, ಬಿಲ್ಲು ಹೊರಡಿಸಿದ ಅಂಗಡಿಯು ನೋಂದಣಿಯಾಗಿರುವುದು ಇನ್ನೊಬ್ಬನ ಹೆಸರಿನಲ್ಲಿ. ಆ ಇನ್ನೊಬ್ಬನು ದಿನಗೂಲಿಯವನಾಗಿದ್ದು, ಸಾಲ ಕೊಡಿಸುವೆನೆಂಬ ಮಾತಿಗೆ ಮರುಳಾಗಿ ಆಧಾರ್ ಮತ್ತು ಪ್ಯಾನ್ ಕಾರ್ಡುಗಳ ನಕಲನ್ನು ಕೊಟ್ಟವನಾಗಿರುವುದು ಉಂಟು. ಸಮನ್ಸು ಬಂದಾಗ ಅವನು ಮಾಲೀಕನೆಂದು ಹೇಳಿಕೆ ಕೊಡುತ್ತಾನೆ, ಹಾಗೆ ಹೇಳಬೇಕೆಂದು ಅವನಿಗೆ ಕಲಿಸಲಾಗಿರುತ್ತದೆ.

ನಮ್ಮ ಗ್ರಾಮಾಂತರ ಸೀಮೆಗೆ ಇನ್ನೂ ಹತ್ತಿರವಾದ ಬಗೆಯೊಂದಿದೆ. ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ರೈತನ ಹಿತಕ್ಕಾಗಿ ಇರುವ ಈ ವಿನಾಯಿತಿಯ ನೆರಳಿಗೆ ಪಟ್ಟಣದ ಲೆಕ್ಕವಿಲ್ಲದ ಹಣವು ಬಂದು ನಿಲ್ಲುವುದು ಹೊಸ ಸಂಗತಿಯಲ್ಲ. ಎಲ್ಲಿಯೋ ಗಳಿಸಿದ ಹಣವನ್ನು ತೆಂಗು, ಮಾವು, ಹಿಪ್ಪುನೇರಳೆಗಳ ಫಸಲೆಂದು ತೋರಿಸಲು ನೆರೆಯ ಹಿಡುವಳಿದಾರನ ಒಂದು ಹೇಳಿಕೆ ಬೇಕಾಗುತ್ತದೆ. ಅವನು ದಾಕ್ಷಿಣ್ಯಕ್ಕೆ ಸಿಕ್ಕಿ ಕೊಟ್ಟುಬಿಡುತ್ತಾನೆ. ಪಹಣಿಯ ಬೆಳೆಯ ಕಲಮಿನಲ್ಲಿ ವರ್ಷ ವರ್ಷವೂ ರಾಗಿ ಎಂದಿರುತ್ತದೆ, ಸಾಕ್ಷಿಯ ಬಾಯಲ್ಲಿ ಮಾತ್ರ ಅದೇ ಸರ್ವೆ ನಂಬರು ತುಂಬ ಫಲ ತೂಗುವ ತೆಂಗಿನ ತೋಟ. ತಾನು ಯಾರಿಗೂ ಕೇಡು ಮಾಡಲಿಲ್ಲವೆಂದೇ ಆತ ನಂಬಿರುತ್ತಾನೆ, ಏಕೆಂದರೆ ತೆರಿಗೆಯ ನಷ್ಟವನ್ನು ಅನುಭವಿಸುವವನ ಮುಖ ಅವನಿಗೆ ಕಾಣುವುದಿಲ್ಲ.

ಈ ಮುಖವಿಲ್ಲದ ನಷ್ಟದ ಗುರುತ್ವವನ್ನು ನಮ್ಮ ಪ್ರಾಚೀನರು ಅರಿಯದೆ ಇರಲಿಲ್ಲ. ಸುಂಕಕ್ಕೆ ಅಂಜಿ ಸರಕಿನ ಪ್ರಮಾಣವನ್ನಾಗಲಿ ಬೆಲೆಯನ್ನಾಗಲಿ ಕುಗ್ಗಿಸಿ ಹೇಳಿದ ವರ್ತಕನಿಂದ ಹೆಚ್ಚಿಗೆಯಾದುದನ್ನು ಅರಸನು ಕಿತ್ತುಕೊಳ್ಳತಕ್ಕುದು, ಇಲ್ಲವೆ ಸುಂಕದ ಎಂಟರಷ್ಟನ್ನು ವಸೂಲು ಮಾಡತಕ್ಕುದು ಎಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಕನ್ನಡ ನಾಡಿನ ಶಾಸನಗಳಲ್ಲಿ ಬರುವ ಹೆಜ್ಜುಂಕ, ವಡ್ಡರಾವುಳಗಳ ಅಧಿಕಾರಿಗಳನ್ನು ನೆನೆದರೆ, ಸುಂಕದ ಆಡಳಿತ ಇಲ್ಲಿ ಎಷ್ಟು ವಿಸ್ತಾರವಾಗಿತ್ತೆಂಬುದು ತಿಳಿಯುತ್ತದೆ.

ಇದಕ್ಕಿಂತಲೂ ನಮ್ಮ ಪ್ರಕೃತ ವಿಷಯಕ್ಕೆ ಬೆಳಕು ಕೊಡತಕ್ಕವನು ವಿಜ್ಞಾನೇಶ್ವರ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಆತನು ಬರೆದ ಮಿತಾಕ್ಷರವು ಭಾರತದ ಬಹುಭಾಗದಲ್ಲಿ ಶತಮಾನಗಳವರೆಗೆ ಹಿಂದೂ ನ್ಯಾಯಕ್ಕೆ ಆಧಾರವಾಗಿತ್ತು. ದಾಯಭಾಗದ ವಿಚಾರದಲ್ಲಿ ಅದನ್ನು ಉಲ್ಲೇಖಿಸುವ ವಕೀಲರು ಅದರ ವ್ಯವಹಾರಾಧ್ಯಾಯದ ಸಾಕ್ಷಿಪ್ರಕರಣವನ್ನು ಅಷ್ಟಾಗಿ ತೆರೆಯುವುದಿಲ್ಲ. ಅಲ್ಲಿ ಮೂಲಸ್ಮೃತಿಯು ಹೇಳುವ ನಿಯಮವಿದು: ಸಾಕ್ಷಿಗಳಿಂದ ಸುಳ್ಳು ಹೇಳಿಸಿದ ಕೂಟಕೃತ್ತನ್ನೂ ಸುಳ್ಳು ಹೇಳಿದ ಸಾಕ್ಷಿಗಳನ್ನೂ ಬೇರೆಬೇರೆಯಾಗಿ, ಒಬ್ಬೊಬ್ಬರನ್ನೂ, ವಿವಾದದಲ್ಲಿ ಸೋತವನಿಗೆ ವಿಧಿಸುವ ದಂಡದ ಇಮ್ಮಡಿಯಿಂದ ದಂಡಿಸಬೇಕು. ಹೇಳಿಸಿದವನ ಹೆಸರು ಹೇಳಿದವನ ಹೆಸರಿಗಿಂತ ಮೊದಲು ಬಂದಿರುವುದನ್ನು ಸಭಿಕರು ಗಮನಿಸಬೇಕೆಂದು ಬೇಡುತ್ತೇನೆ. ಮನುವು ಸುಳ್ಳುಸಾಕ್ಷ್ಯದ ಹೇತುಗಳನ್ನು ಲೋಭ, ಮೋಹ, ಭಯ, ಮೈತ್ರಿ, ಕಾಮ, ಕ್ರೋಧ, ಅಜ್ಞಾನ, ಬಾಲಭಾವಗಳೆಂದು ವಿಂಗಡಿಸಿ, ಲೋಭದಿಂದ ಹೇಳಿದವನಿಗೆ 1000 ಪಣಗಳನ್ನೂ ಅಜ್ಞಾನದಿಂದ ಹೇಳಿದವನಿಗೆ 200 ಪಣಗಳನ್ನೂ ಬಾಲಭಾವದಿಂದ ಹೇಳಿದವನಿಗೆ 100 ಪಣಗಳನ್ನೂ ಗೊತ್ತುಪಡಿಸಿದ್ದನು. ಈ ಶಾಸ್ತ್ರಗಳಲ್ಲಿ ವರ್ಣಭೇದದ ಕಲಂಕವಿದೆ, ಅದೇ ಅಪರಾಧಕ್ಕೆ ಬ್ರಾಹ್ಮಣನಿಗೆ ಬೇರೆ ಶಿಕ್ಷೆಯನ್ನು ಹೇಳುತ್ತವೆ. ಅದನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೆ ಸುಳ್ಳಾಡಿದವನು ಏತಕ್ಕಾಗಿ ಸುಳ್ಳಾಡಿದನೆಂದು ಕೇಳದೆ ದಂಡವನ್ನು ತೂಗಲಾಗದೆಂಬ ವಿವೇಕವು ಆ ಕಲಂಕದ ನಡುವೆಯೂ ಉಳಿದುಕೊಂಡಿದೆ.

ಇನ್ನು ಪ್ರಚಲಿತ ಕಾನೂನಿಗೆ ಬರೋಣ. ನ್ಯಾಯಿಕ ನಡವಳಿಯಲ್ಲಿ ಬುದ್ಧಿಪೂರ್ವಕವಾಗಿ ಸುಳ್ಳುಸಾಕ್ಷ್ಯ ಕೊಟ್ಟವನಿಗೆ 7 ವರ್ಷಗಳವರೆಗೆ, ಇತರ ಸಂದರ್ಭಗಳಲ್ಲಿ 3 ವರ್ಷಗಳವರೆಗೆ ಕಾರಾವಾಸವನ್ನು 1860ರ ದಂಡ ಸಂಹಿತೆಯ 193ನೆಯ ಪ್ರಕರಣವು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 229ನೆಯ ಪ್ರಕರಣವು ಅದನ್ನೇ ಮುಂದುವರಿಸಿದೆ. 1961ರ ಆದಾಯ ತೆರಿಗೆ ಅಧಿನಿಯಮದ 136ನೆಯ ಪ್ರಕರಣವು ತೆರಿಗೆ ಅಧಿಕಾರಿಯ ಮುಂದಣ ನಡವಳಿಯನ್ನು ಈ ಉದ್ದೇಶಕ್ಕಾಗಿ ನ್ಯಾಯಿಕ ನಡವಳಿಯೆಂದೇ ಭಾವಿಸಿತು. ಸರಕು ಮತ್ತು ಸೇವಾ ತೆರಿಗೆಯ ಅಧಿನಿಯಮದ 70ನೆಯ ಪ್ರಕರಣವು ಸಮನ್ಸಿನ ವಿಚಾರಣೆಗೂ ಅದೇ ಸ್ಥಾನವನ್ನು ಕೊಟ್ಟಿದೆ. ಎಂದರೆ, ಕಪ್ಪು ನಿಲುವಂಗಿಯ ನ್ಯಾಯಾಧೀಶರಿಲ್ಲದ, ಮೇಜು ಕುರ್ಚಿಗಳ ಒಂದು ಸಾಮಾನ್ಯ ಕಚೇರಿಯ ಕೋಣೆಯಲ್ಲಿ ಆಡಿದ ಸುಳ್ಳಿಗೂ ನ್ಯಾಯಾಲಯದಲ್ಲಿ ಆಡಿದ ಸುಳ್ಳಿನ ತೂಕವೇ. ಸಾಮಾನ್ಯ ಜನರಿಗೆ ಇದು ತಿಳಿದಿಲ್ಲ. 1961ರ ಆ ತೆರಿಗೆಯ ಅಧಿನಿಯಮವೂ ಸುಮ್ಮನಿರಲಿಲ್ಲ: ಸುಳ್ಳು ಹೇಳಿಕೆಗೆ 277ನೆಯ ಪ್ರಕರಣ, ಇನ್ನೊಬ್ಬನ ತೆರಿಗೆ ತಪ್ಪಿಸಲು ಲೆಕ್ಕಪುಸ್ತಕವನ್ನು ತಿದ್ದಿದವನಿಗೆ 277-ಎ, ಸುಳ್ಳು ಹೇಳಿಸಿದವನಿಗೆ 278. ತಪ್ಪಿಸಲು ನೋಡಿದ ತೆರಿಗೆ 25 ಲಕ್ಷ ರೂಪಾಯಿಗಳನ್ನು ಮೀರಿದರೆ 277ರ ಶಿಕ್ಷೆ 6 ತಿಂಗಳಿಂದ 7 ವರ್ಷಗಳವರೆಗೆ ಇತ್ತು.

ಈ ಪ್ರಕರಣಗಳು ಒಂದರ ಪಕ್ಕದಲ್ಲಿ ಒಂದು ಹೇಗೆ ನಿಲ್ಲುತ್ತವೆಂಬುದಕ್ಕೆ ನಮ್ಮ ಸೀಮೆಯವರು ಬಹುದೂರ ಹೋಗಬೇಕಾಗಿಲ್ಲ. 2017ರ ಆಗಸ್ಟಿನಲ್ಲಿ, ಆಗ ರಾಜ್ಯದ ಇಂಧನ ಸಚಿವರೂ ಕನಕಪುರದ ಶಾಸಕರೂ ಆಗಿದ್ದ ಶ್ರೀ ಡಿ.ಕೆ. ಶಿವಕುಮಾರ್ ಅವರಿಗೆ ಸಂಬಂಧಿಸಿದ ಸ್ಥಳಗಳಲ್ಲಿ ಆದಾಯ ತೆರಿಗೆ ಇಲಾಖೆಯು ಶೋಧ ನಡೆಸಿತು. ಬಿಡದಿಯ ಸಮೀಪದ ಒಂದು ವಿಹಾರಧಾಮವೂ ಆ ಶೋಧದೊಳಗಿತ್ತು. 2018ರಲ್ಲಿ ಇಲಾಖೆಯು ಬೆಂಗಳೂರಿನ ಆರ್ಥಿಕ ಅಪರಾಧಗಳ ವಿಶೇಷ ನ್ಯಾಯಾಲಯಕ್ಕೆ ಸಲ್ಲಿಸಿದ ದೂರಿನಲ್ಲಿ ಆದಾಯ ತೆರಿಗೆ ಅಧಿನಿಯಮದ 276-ಸಿ, 277, 278ನೆಯ ಪ್ರಕರಣಗಳ ಜೊತೆಗೇ ದಂಡ ಸಂಹಿತೆಯ 193, 199 ಮತ್ತು 120-ಬಿ ಪ್ರಕರಣಗಳೂ ಸೇರಿದ್ದವು. ಕರವಂಚನೆ, ಸುಳ್ಳುಸಾಕ್ಷ್ಯ, ಸುಳ್ಳು ಘೋಷಣೆ, ಒಳಸಂಚು ಎಂಬ ನಾಲ್ಕೂ ಆಪಾದನೆಗಳು ಒಂದೇ ದೂರಿನಲ್ಲಿ. ಆಪಾದನೆಗಳನ್ನು ಅವರು ನಿರಾಕರಿಸಿದ್ದಾರೆ. ಆಪಾದನೆ ಬೇರೆ, ರುಜುವಾತು ಬೇರೆ ಎಂಬುದನ್ನು ಕಾನೂನು ಬಲ್ಲವರ ಸಭೆಗೆ ನಾನು ಹೇಳಬೇಕಾದುದಿಲ್ಲ. ಅದೇ ದೂರನ್ನು ಆಧಾರವಾಗಿಟ್ಟುಕೊಂಡು ಜಾರಿ ನಿರ್ದೇಶನಾಲಯವು ಹೂಡಿದ್ದ ಹಣ ಅಕ್ರಮ ವರ್ಗಾವಣೆಯ ನಡವಳಿಯನ್ನು ಸರ್ವೋಚ್ಚ ನ್ಯಾಯಾಲಯವು 2024ರ ಮಾರ್ಚಿ 5ರಂದು ರದ್ದುಗೊಳಿಸಿತು. ಅನುಸೂಚಿತ ಅಪರಾಧಕ್ಕಾಗಿ ಅಲ್ಲದ ಬರಿಯ ಒಳಸಂಚು ಆ ಕಾಯಿದೆಗೆ ಸಾಲದೆಂಬುದು ಅದರ ತಿರುಳು. ಅದರ ಗುಣದೋಷಗಳು ನಮಗೆ ಬೇಡ. ತೆರಿಗೆಯ ಪ್ರಕರಣವನ್ನೂ ಸಾಕ್ಷ್ಯದ ಪ್ರಕರಣವನ್ನೂ ಅಭಿಯೋಜಕರು ತಾವೇ ಒಟ್ಟಿಗೆ ಹೆಣೆಯುತ್ತಾರೆಂಬುದಷ್ಟೇ ನಮಗೆ ಬೇಕಾದ ಅಂಶ.

ಇಲ್ಲಿಯವರೆಗೆ ಹೇಳಿದುದು ಒಂದು ಪಕ್ಷ. ಇನ್ನೊಂದು ಪಕ್ಷವನ್ನು ನುಡಿಯದೆ ಬಿಟ್ಟರೆ ಈ ಉಪನ್ಯಾಸವೇ ಅರ್ಧಸತ್ಯದ ಸಾಕ್ಷ್ಯವಾದೀತು. ಸುಳ್ಳುಸಾಕ್ಷ್ಯವು ಹುಟ್ಟುವುದು ವಂಚಕನ ಮನೆಯಲ್ಲಿ ಮಾತ್ರವಲ್ಲ. ಹೇಳಿಕೆಯ ಮೇಲಿನ ಅತ್ಯಾಸೆಯಿಂದ ಸರ್ಕಾರದ ಕಚೇರಿಯಲ್ಲಿಯೂ ಅದು ಹುಟ್ಟುತ್ತದೆ. ಶೋಧವು ಮುಂಜಾನೆ ಆರಂಭವಾಗಿ ರಾತ್ರಿಯೆಲ್ಲ ನಡೆದು ಮರುದಿನಕ್ಕೂ ಮುಂದುವರಿದಿರುತ್ತದೆ. ಪಂಚರು ತೂಕಡಿಸುತ್ತಿರುತ್ತಾರೆ. ಪ್ರಶ್ನೆಗೆ ಒಂದೊಂದು ಸಂಖ್ಯೆ, ಅದರ ಕೆಳಗೆ ಉತ್ತರ, ಪುಟಪುಟಕ್ಕೂ ಸಹಿ. ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರ ಕೊಡುವವನ ಮಾತು ಕನ್ನಡದಲ್ಲಿ, ಬರಹವು ಮತ್ತೆ ಇಂಗ್ಲಿಷಿನಲ್ಲಿ. ಕಡೆಯಲ್ಲಿ, ಇದನ್ನು ನನಗೆ ಓದಿ ಹೇಳಲಾಯಿತು, ಸರಿಯಾಗಿದೆ, ಯಾವ ಒತ್ತಾಯವೂ ಇರಲಿಲ್ಲ ಎಂಬ ಒಕ್ಕಣೆ. ಈ ಒಕ್ಕಣೆಯಿಲ್ಲದ ಹೇಳಿಕೆಯನ್ನು ಯಾರೂ ಕಂಡಿಲ್ಲವಾದ್ದರಿಂದ ಅದರ ಬೆಲೆಯೇನೆಂಬುದನ್ನು ಸಭಿಕರೇ ನಿರ್ಣಯಿಸಲಿ. ನಿದ್ದೆಗೆಟ್ಟ ಗುಮಾಸ್ತನು ಧಣಿಯ ಪರವಾಗಿ ಸುಳ್ಳಾಡಬಲ್ಲನಾದರೆ, ಮನೆಗೆ ಹೋದರೆ ಸಾಕೆಂದು ಧಣಿಯ ವಿರುದ್ಧವಾಗಿಯೂ ಸುಳ್ಳಾಡಬಲ್ಲನು. ಎರಡೂ ಸುಳ್ಳೇ.

ಇದು ನನ್ನ ಕಲ್ಪನೆಯಲ್ಲ. ಕೇಂದ್ರ ನೇರ ತೆರಿಗೆಗಳ ಮಂಡಳಿಯೇ 2003ರ ಮಾರ್ಚಿ 10ರಂದು ತನ್ನ ಅಧಿಕಾರಿಗಳಿಗೆ, ಶೋಧ ಸಮೀಕ್ಷೆಗಳ ಕಾಲದಲ್ಲಿ ಬಚ್ಚಿಟ್ಟ ಆದಾಯದ ತಪ್ಪೊಪ್ಪಿಗೆಯನ್ನು ಪಡೆಯಲು ಯತ್ನಿಸಬಾರದು, ಸಾಕ್ಷ್ಯಸಂಗ್ರಹದ ಮೇಲೆ ಗಮನವಿಡಬೇಕು ಎಂದು ಆದೇಶ ಹೊರಡಿಸಬೇಕಾಯಿತು. ಒಪ್ಪಿಗೆಯು ಬಹು ಮುಖ್ಯವಾದ ಸಾಕ್ಷ್ಯವಾದರೂ ನಿರ್ಣಾಯಕವಲ್ಲ, ಒಪ್ಪಿದವನು ಅದು ತಪ್ಪೆಂದು ತೋರಿಸಬಹುದು ಎಂದು ಪುಲ್ಲಂಗೋಡು ರಬ್ಬರ್ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿ ಅರ್ಧ ಶತಮಾನ ಕಳೆದಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕಾನೂನು ಸಾಕ್ಷ್ಯವೆಂದು ಸ್ವೀಕರಿಸುವುದಿಲ್ಲ. ಸುಂಕ ಹಾಗೂ ತೆರಿಗೆಯ ಅಧಿಕಾರಿಗಳು ಪೊಲೀಸರಲ್ಲವೆಂಬ ಕಾರಣದಿಂದ ಅವರ ಮುಂದಣ ಹೇಳಿಕೆಗೆ ಆ ಅಡ್ಡಿಯಿಲ್ಲ. ಅಧಿಕಾರ ಹೆಚ್ಚಾದಷ್ಟೂ ಸಂಯಮವೂ ಹೆಚ್ಚಬೇಕಾಗಿತ್ತು. ಅದು ಸದಾ ಹಾಗೆ ಆಗಿಲ್ಲವೆಂದೇ ಹೇಳಬೇಕಾಗಿದೆ.

ಹಾಗಾದರೆ ಸತ್ಯವನ್ನು ಶೋಧಿಸುವ ಬಗೆ ಯಾವುದು? ನಮ್ಮ ನ್ಯಾಯಾಲಯಗಳು ಎರಡು ಒರೆಗಲ್ಲುಗಳನ್ನು ಬಳಸುತ್ತ ಬಂದಿವೆ.

ಮೊದಲನೆಯದು ಪಾಟೀಸವಾಲು. ಕೇರಳದ ಕಿರಾಣಿ ವರ್ತಕನೊಬ್ಬನ ಮಾರಾಟ ತೆರಿಗೆಯ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ನಿರ್ಣಯಿಸಿತು. ಸಗಟು ವ್ಯಾಪಾರಿಯ ಪುಸ್ತಕದಲ್ಲಿ ಈತನಿಗೆ ಮಾರಿದಂತೆ ಬರೆದಿದೆಯೆಂಬುದೇ ಈತನ ಲೆಕ್ಕ ಸುಳ್ಳೆಂಬುದಕ್ಕೆ ಆಧಾರವಾಗಿತ್ತು. ಆ ಸಗಟು ವ್ಯಾಪಾರಿಯನ್ನು ಕರೆಸಿ ಪ್ರಶ್ನಿಸಲು ಅವಕಾಶ ಕೊಡಿರೆಂದು ಈತನು ಬೇಡಿದರೆ ಅಧಿಕಾರಿಯು ನಿರಾಕರಿಸಿದ್ದನು. ಒಬ್ಬನ ಪುಸ್ತಕವು ಇನ್ನೊಬ್ಬನನ್ನು ಕಟ್ಟಿಹಾಕಬೇಕಾದರೆ ಪುಸ್ತಕದ ಒಡೆಯನನ್ನು ಪ್ರಶ್ನಿಸುವ ಹಕ್ಕು ಇರಲೇಬೇಕೆಂದು ನ್ಯಾಯಾಲಯವು ನಿರ್ಧರಿಸಿತು. 2015ರ ಅಂಡಮಾನ್ ಟಿಂಬರ್ ಪ್ರಕರಣದಲ್ಲಿ ಇನ್ನೂ ಖಂಡಿತವಾಗಿ, ಸಾಕ್ಷಿಗಳ ಹೇಳಿಕೆಯನ್ನೇ ಆಧರಿಸಿ ಅವರನ್ನು ಪ್ರಶ್ನಿಸಲು ಬಿಡದ ಆದೇಶವು ಶೂನ್ಯವೆಂದು ಸಾರಿತು. ಆ ಕಡೆಯ ಸುಳ್ಳನ್ನೂ ಈ ಕಡೆಯ ಸುಳ್ಳನ್ನೂ ಬಯಲಿಗೆಳೆಯುವ ಉಪಾಯ ಇದು.

ಎರಡನೆಯದು ಮಾನವಸಹಜ ಸಂಭಾವ್ಯತೆ. ಇದನ್ನು ಸ್ಪಷ್ಟವಾಗಿ ನುಡಿದ ಕೀರ್ತಿ ಕನ್ನಡ ನಾಡಿನವರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರದು. ಕಾರ್ಕಳ ಸೀಮೆಯ ಕೌಡೂರಿನಲ್ಲಿ 1909ರಲ್ಲಿ ಜನಿಸಿ, ಸರ್ವೋಚ್ಚ ನ್ಯಾಯಾಲಯದ ಪೀಠವನ್ನೇರಿ, 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿದಾಗ ಪದವಿಯನ್ನು ತ್ಯಜಿಸಿ, ಮುಂದೆ ಲೋಕಸಭೆಯ ಸಭಾಧ್ಯಕ್ಷರಾದ ಈ ಮಹನೀಯರು ದುರ್ಗಾಪ್ರಸಾದ್ ಮೋರೆ ಪ್ರಕರಣದ 1971ರ ತೀರ್ಪಿನಲ್ಲಿ, ಸಾಕ್ಷ್ಯದ ವಿಶ್ವಾಸಾರ್ಹತೆಯನ್ನು ಅಳೆಯುವ ಯಂತ್ರವನ್ನು ವಿಜ್ಞಾನವು ಇನ್ನೂ ಕಂಡುಹಿಡಿದಿಲ್ಲವಾದ್ದರಿಂದ ಮನುಷ್ಯರ ನಡತೆಯಲ್ಲಿ ಸಂಭವನೀಯವಾದುದು ಯಾವುದು ಎಂಬ ಅಳತೆಯನ್ನೇ ನ್ಯಾಯಾಧೀಶನು ಹಿಡಿಯಬೇಕೆಂಬ ಅರ್ಥದ ಮಾತನ್ನು ಬರೆದರು. ತನಗೆ ಅನುಕೂಲವಾದ ಒಕ್ಕಣೆಯನ್ನು ದಸ್ತಾವೇಜಿನಲ್ಲಿ ಬರೆಯಿಸಿಕೊಂಡರೆ ಸಾಕೆಂದಾದರೆ ಕರವಂಚನೆಗೆ ಹೆಬ್ಬಾಗಿಲನ್ನೇ ತೆರೆದಂತಾಗುವುದೆಂದೂ ಎಚ್ಚರಿಸಿದರು.

ಈ ತತ್ತ್ವವು ಬೆಂಗಳೂರಿನ ಒಂದು ಪ್ರಕರಣದಲ್ಲಿ 1995ರಲ್ಲಿ ಕೆಲಸಕ್ಕೆ ಬಂದ ರೀತಿ ಸ್ವಾರಸ್ಯವಾದುದು. ಕಲಾವಸ್ತುಗಳ ವ್ಯಾಪಾರ ಮಾಡುತ್ತಿದ್ದ ಕರದಾತೆಯೊಬ್ಬರು ತಮ್ಮ ಲೆಕ್ಕದಲ್ಲಿ ಜಮೆಯಾದ 3,11,831 ರೂಪಾಯಿಗಳನ್ನು 1971-72ನೆಯ ಸಾಲಿಗೆ ಕುದುರೆ ಪಂದ್ಯದ ಗೆಲುವೆಂದು ತೋರಿಸಿದ್ದರು. ಬೆಂಗಳೂರು, ಮದರಾಸು, ಹೈದರಾಬಾದುಗಳಲ್ಲಿ ಜಾಕ್‌ಪಾಟು ಗೆದ್ದುದಕ್ಕೆ ಪಂದ್ಯದ ಸಂಸ್ಥೆಗಳ ಕಾಗದಗಳಿದ್ದವು. ಕಾಗದಗಳು ಖೋಟಾ ಎಂದು ಯಾರೂ ಹೇಳಲಿಲ್ಲ. ಆದರೆ ಕುದುರೆಗಳ ವಿಚಾರ ಅಷ್ಟಾಗಿ ತಿಳಿಯದವರು ಮೂರು ಊರುಗಳಲ್ಲಿ ಮತ್ತೆ ಮತ್ತೆ ಜಾಕ್‌ಪಾಟು ಗೆಲ್ಲುವುದೂ, ಗೆಲುವಿಗೆ ತೆರಿಗೆ ಬಿದ್ದೊಡನೆ ಪಂದ್ಯದ ಹವ್ಯಾಸವನ್ನೇ ಬಿಟ್ಟುಬಿಡುವುದೂ ನಂಬತಕ್ಕ ಮಾತಲ್ಲವೆಂದು, ಗೆದ್ದ ಟಿಕೆಟನ್ನು ಪಂದ್ಯ ಮುಗಿದ ಮೇಲೆ ಕೊಂಡಿರಬೇಕೆಂದು ಇತ್ಯರ್ಥ ಆಯೋಗದ ಬಹುಮತವು ಮಾಡಿದ ತೀರ್ಮಾನವನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ದಾಖಲೆ ನಿಜ, ಅದು ಹೇಳುವ ಕಥೆ ಮಾತ್ರ ಸುಳ್ಳು. ಕೂಟಸಾಕ್ಷ್ಯದಲ್ಲಿ ಇಷ್ಟು ನಯವಾದ ಬಗೆಯೂ ಉಂಟೆಂಬುದನ್ನು ಬಲ್ಲವರೇ ಬಲ್ಲರು. ಈ ಅಳತೆಯಲ್ಲಿ ಒಂದು ಅಪಾಯವೂ ಉಂಟು: ನ್ಯಾಯಾಧೀಶನ ಲೋಕಾನುಭವ ಕಿರಿದಾಗಿದ್ದರೆ ಅಪೂರ್ವವಾದುದೆಲ್ಲ ಅವನಿಗೆ ಅಸತ್ಯವಾಗಿ ಕಂಡೀತು. ಕೇವಲ ಊಹೆ ಸಂಶಯಗಳ ಮೇಲೆ ತೆರಿಗೆ ಕಟ್ಟಬಾರದೆಂದು 1954ರ ಢಾಕೇಶ್ವರಿ ಕಾಟನ್ ಮಿಲ್ಸ್ ತೀರ್ಪು ಮುಂಚೆಯೇ ಕಟ್ಟಳೆ ಹಾಕಿರುವುದು ಇದಕ್ಕಾಗಿಯೇ.

ಇಷ್ಟೆಲ್ಲ ಇದ್ದೂ ಸುಳ್ಳುಸಾಕ್ಷ್ಯಕ್ಕಾಗಿ ಶಿಕ್ಷೆಯಾಗುವುದು ಏಕೆ ವಿರಳ? ನ್ಯಾಯಾಲಯದಲ್ಲಿ ಆಡಿದ ಸುಳ್ಳಿಗೆ ಆ ನ್ಯಾಯಾಲಯವೇ ದೂರು ಕೊಡಬೇಕು, ಅದೂ ನ್ಯಾಯದ ಹಿತದೃಷ್ಟಿಯಿಂದ ಉಚಿತವೆಂದು ಕಂಡರೆ ಮಾತ್ರ. ಹಳೆಯ ಕ್ರಿಯಾ ಸಂಹಿತೆಯ 340ನೆಯ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 379ನೆಯ ಪ್ರಕರಣದ ನಿಯಮವಿದು. ಮೂಲ ಮೊಕದ್ದಮೆಯೇ ವರ್ಷಾನುಗಟ್ಟಲೆ ಎಳೆದ ಮೇಲೆ ಅದರ ಹೊಟ್ಟೆಯಿಂದ ಇನ್ನೊಂದನ್ನು ಹೊರತೆಗೆಯುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ. ಇದಕ್ಕಿಂತ ಗಂಭೀರವಾದ ತೊಡಕು ಬೇರೆಯಿದೆ. ಒಬ್ಬ ಸಾಕ್ಷಿಯು ಪ್ರಮಾಣಪೂರ್ವಕವಾಗಿ ಪರಸ್ಪರ ವಿರುದ್ಧವಾದ ಎರಡು ಹೇಳಿಕೆಗಳನ್ನು ಕೊಟ್ಟರೆ, ಯಾವುದು ಸುಳ್ಳೆಂದು ಸಿದ್ಧಪಡಿಸಲಾಗದಿದ್ದರೂ ಅವನ ಮೇಲೆ ವಿಕಲ್ಪವಾಗಿ ಆರೋಪ ಹೊರಿಸಿ ಶಿಕ್ಷಿಸಬಹುದೆಂದು ಹಳೆಯ ಕ್ರಿಯಾ ಸಂಹಿತೆಯ 221ನೆಯ ಪ್ರಕರಣದ ದೃಷ್ಟಾಂತವೊಂದು ಹೇಳಿತ್ತು. ತರ್ಕಕ್ಕೆ ಇದು ಸರಿ. ಆದರೆ ಇದರ ಫಲವೇನು? ಧಣಿಯ ಭಯದಿಂದಲೋ ಅಧಿಕಾರಿಯ ಭಯದಿಂದಲೋ ಮೊದಲು ಸುಳ್ಳು ಹೇಳಿ, ಆಮೇಲೆ ಮನಸ್ಸು ತಿರುಗಿ ಸತ್ಯ ಹೇಳಲು ಬಂದ ಬಡಪಾಯಿಗೆ ಸತ್ಯವೇ ಅಪರಾಧಕ್ಕೆ ಆಧಾರವಾಗುತ್ತದೆ. ಮೊದಲಿನ ಸುಳ್ಳಿಗೇ ಅಂಟಿಕೊಂಡಿರುವುದು ಕ್ಷೇಮವೆಂದು ವಕೀಲನೂ ಬುದ್ಧಿ ಹೇಳಬೇಕಾಗುತ್ತದೆ.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಕರವಂಚನೆಯ ಪ್ರಕರಣಗಳಲ್ಲಿ ಮೊದಲು ದಂಡಿಸಬೇಕಾದವನು ಹೇಳಿಸಿದವನು, ಆಮೇಲೆ ಹೇಳಿದವನು. ಲಾಭವೆಲ್ಲ ಒಬ್ಬನದು, ಸಹಿ ಮಾತ್ರ ಇನ್ನೊಬ್ಬನದು ಎಂಬ ಏರ್ಪಾಡನ್ನು ಕಾನೂನು ತನ್ನ ಮೈಗಳ್ಳತನದಿಂದ ಪೋಷಿಸಬಾರದು. ಸಹಿ ಹಾಕಿದವನನ್ನು ಹಿಡಿಯುವುದು ಸುಲಭ, ಅವನ ವಿಳಾಸ ಕಡತದಲ್ಲಿಯೇ ಇರುತ್ತದೆ. ಹಣ ಹೋದ ದಾರಿಯನ್ನು ಹಿಡಿದು ಹೇಳಿಸಿದವನವರೆಗೆ ನಡೆಯುವುದು ಕಷ್ಟ. 278ನೆಯ ಪ್ರಕರಣವು ಇದ್ದುದು ಆ ಕಷ್ಟದ ಕೆಲಸಕ್ಕಾಗಿ. ಜೊತೆಗೆ, ಮೂಲ ವಿಚಾರಣೆ ಮುಗಿಯುವ ಮುನ್ನ ತಾನಾಗಿ ಸತ್ಯಕ್ಕೆ ಹಿಂದಿರುಗಿದ ಸಾಕ್ಷಿಯ ಮೇಲೆ ಮೊಕದ್ದಮೆ ಹೂಡುವುದು 'ಉಚಿತ'ವಲ್ಲವೆಂದು ನ್ಯಾಯಾಲಯಗಳು ಉದಾರವಾಗಿ ತಿಳಿಯಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಇರುವ ವಿವೇಚನಾಧಿಕಾರ ಸಾಕು. ಲೋಭಕ್ಕೂ ಅಜ್ಞಾನಕ್ಕೂ ಬೇರೆ ಬೇರೆ ದಂಡವಿರಬೇಕೆಂದು ಮನುವಿನ ಕಾಲದಲ್ಲಿಯೇ ಹೊಳೆದಿದ್ದುದು ನಮಗೆ ಹೊಳೆಯದಿರಲು ಕಾರಣವಿಲ್ಲ.

ಸಾಕ್ಷಿಯನ್ನು ನಾವು ನಡೆಸಿಕೊಳ್ಳುವ ರೀತಿಯೂ ಇದರಲ್ಲಿ ಸೇರುತ್ತದೆ. ದೂರದ ಊರಿನಿಂದ ಬಂದು ದಿನವೆಲ್ಲ ಕಾದು ಮುದ್ದತಿನ ತಾರೀಖು ಪಡೆದು ಹಿಂದಿರುಗುವ ಸಾಕ್ಷಿಯ ಪಾಡನ್ನು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ನೊಂದು ವರ್ಣಿಸಿತು; 2018ರ ಡಿಸೆಂಬರಿನಲ್ಲಿ ಸಾಕ್ಷಿಗಳ ರಕ್ಷಣೆಯ ಯೋಜನೆಗೆ ಒಪ್ಪಿಗೆಯಿತ್ತಿತು. ಆ ಯೋಜನೆಯು ಕೊಲೆ ದರೋಡೆಗಳ ಸಾಕ್ಷಿಗಳಿಗಷ್ಟೇ ಅಲ್ಲದೆ, ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಗುಮಾಸ್ತನಿಗೂ ನೆರವಾಗುವ ದಿನ ಬರಬೇಕಾಗಿದೆ.

ಹೇಳಿಕೆಯ ಮೇಲಣ ಅವಲಂಬನೆಯನ್ನೇ ಕಡಮೆ ಮಾಡುವ ಮಾರ್ಗವೂ ಉಂಟು, ಅದರ ಮಾದರಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ರೇಷ್ಮೆಗೂಡನ್ನು ಸರ್ಕಾರದ ಮಾರುಕಟ್ಟೆಯಲ್ಲಿಯೇ ಮಾರತಕ್ಕುದೆಂದು 1959ರ ಅಧಿನಿಯಮವು ವಿಧಿಸಿದ್ದರಿಂದ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಬಹಿರಂಗವಾಗಿ ನಡೆದು, ರೈತನೂ ರೀಲರನೂ ನೋಡುತ್ತಿರುವಂತೆ ತೂಕವಾಗಿ, ಲಾಟಿನ ಬೆಲೆ ತೂಕಗಳು ಆ ಕ್ಷಣದಲ್ಲಿಯೇ ದಾಖಲಾಗುತ್ತವೆ. ಮೂರು ವರ್ಷಗಳ ತರುವಾಯ ಇಬ್ಬರಲ್ಲಿ ಒಬ್ಬನನ್ನು ಕರೆದು, ಅಂದು ಎಷ್ಟು ಗೂಡು ಮಾರಿದೆ ಎಂದು ಕೇಳಬೇಕಾದ ಪ್ರಮೇಯ ಅಲ್ಲಿಲ್ಲ. ಹಿತಗಳು ಎದುರುಬದುರಾದ ಇಬ್ಬರ ಸಮಕ್ಷಮದಲ್ಲಿ ಆಗಿಂದಾಗ ಬರೆದ ಚೀಟಿಯು, ಹೆದರಿದವನ ನೆನಪಿನಿಂದ ಹಿಂಡಿ ತೆಗೆದ ನೂರು ಪುಟಗಳ ಹೇಳಿಕೆಗಿಂತ ಮೇಲು. ಮಾರುಕಟ್ಟೆಯ ಹೊರಗೆ ಗೂಡು ಕೈ ಬದಲಾಯಿಸಿದಲ್ಲೆಲ್ಲ ಈ ಗುಣ ನಷ್ಟವಾಗಿ ಮತ್ತೆ ಬಾಯಿಮಾತಿನ ಸಾಕ್ಷಿಯ ಮೊರೆ ಹೋಗಬೇಕಾಗುತ್ತದೆ.

ವಿರೂಪಾಕ್ಷಿಪುರ ಹೋಬಳಿಯ ಗುಮಾಸ್ತರಲ್ಲಿ, ಚಾಲಕರಲ್ಲಿ, ಕೂಲಿಯವರಲ್ಲಿ, ಅವರ ಮಕ್ಕಳಾದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಪ್ರಾರ್ಥನೆ. ಆಧಾರ್, ಪ್ಯಾನ್‌ಗಳ ನಕಲನ್ನೂ ಬರಿಯ ಹಾಳೆಯ ಮೇಲಣ ಸಹಿಯನ್ನೂ ಯಾರ ದಾಕ್ಷಿಣ್ಯಕ್ಕೂ ಕೊಡಬೇಡಿ. ಸಮನ್ಸು ಬಂದರೆ ತಪ್ಪಿಸಿಕೊಳ್ಳಬೇಡಿ. ಹೋಗಿ, ತಿಳಿದುದನ್ನು ಹೇಳಿ, ತಿಳಿಯದುದನ್ನು ತಿಳಿಯದೆಂದೇ ಬರೆಯಿಸಿ. ಬರೆದುದನ್ನು ಕನ್ನಡದಲ್ಲಿ ಓದಿಸಿಕೊಂಡು, ಒಪ್ಪದ ಸಾಲನ್ನು ತಿದ್ದಿಸಿದ ಮೇಲೆಯೇ ಸಹಿ ಮಾಡಿ. ತಪ್ಪು ಹೇಳಿಕೆಯನ್ನು ಈಗಾಗಲೇ ಕೊಟ್ಟಿದ್ದರೆ ದಿನ ದೂಡದೆ ಲಿಖಿತವಾಗಿ ಹಿಂತೆಗೆದುಕೊಳ್ಳಿ, ಏಕೆಂದರೆ ತಡವಾದ ಹಿಂತೆಗೆತವನ್ನು ನ್ಯಾಯಾಲಯಗಳು ಸುಲಭವಾಗಿ ನಂಬುವುದಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂಬುದು ಅಡ್ಡಿಯಾಗಬೇಕಾಗಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣದ ಮೇರೆಗೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ನಿಗದಿಯಾದ ಮಿತಿಗಿಂತ ಕಡಮೆ ವರಮಾನದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.